ಆರು ಬೆರಳು ಇಳಿಸಿದ ಗಾಡಿ

ಗಜೇಂದ್ರಗಡದಲ್ಲಿ ಗಾಡಿಯ ಕಮಾನು ಬಡಿಯುವವರು ನನಗೆ ಗೊತ್ತಿದ್ದವರು ಮೂವರು. ನನ್ನ ಮಾತು ಕೇಳಿ ಇಬ್ಬರು ನಕ್ಕುಬಿಟ್ಟರು. ಮೂರನೆಯವರು ರಮಜಾನಸಾಬ. ಅವರು ನಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಗಟಾರದ ಕಡೆ ಹೋಗಿ ಉಗುಳಿ ಬಂದು, ನನ್ನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದರು.

"ಏರ್ಸೂದೋ, ಇಳ್ಸೂದೋ? ಇನ್ನೊಮ್ಮೆ ಹೇಳಪಾ."

"ಇಳ್ಸೂದು ಕಾಕಾ."

"ಫೋರ್ ವ್ಹೀಲ್ ಗಾಡಿ ಯಾರರೆ ಇಳಸ್ತಾರೇನೋ ಹುಚ್ಚಪ್ಯಾಲಿ? ಮೂವತ್ತ ವರ್ಷ ಆತು ನಾ ಈ ಸುತ್ತಿಗಿ ಹಿಡದು. ಉಳ್ಳಾಗಡ್ಡಿ ಹೇರವ್ರು ಬರ್ತಾರ, ಕಲ್ಲ ಹೇರವ್ರು ಬರ್ತಾರ. ಎಲ್ಲಾರೂ ಇನ್ನೊಂದ ಪಾಟಾ ಹಾಕು, ಇನ್ನಷ್ಟ ಏರ್ಸು ಅನ್ನವ್ರ. ಇಳ್ಸಂತ ಬಂದಾವ ನೀ ಒಬ್ಬಾಂವ ನೋಡು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಾಡಿಯ ಅಚ್ಚಿನ ಮೇಲೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗೆ ಪಾಟಾ ಅನ್ನುತ್ತಾರೆ. ಅವೆಲ್ಲ ಕೂಡಿ ಬಿಲ್ಲಿನಂತೆ ಬಾಗಿ ನಿಂತರೆ ಅದು ಕಮಾನು. ಪಾಟಾ ಹೆಚ್ಚಾದಷ್ಟೂ ಗಾಡಿ ಎತ್ತರ, ಗಾಡಿ ಗಟ್ಟಿ. ಖಾಲಿ ಇದ್ದಾಗ ಮಾತ್ರ ಹಾಳಾದ್ದು ಕುಣಿಯುತ್ತದೆ.

ಈ ಪಿಕಪ್ ಗಾಡಿಯನ್ನು ಎತ್ತರ ಮಾಡಿಸಿದವನೂ ನಾನೇ, ಮಾಡಿಕೊಟ್ಟವರೂ ಇದೇ ರಮಜಾನಸಾಬರೇ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತವಲ್ಲ, ಅವುಗಳ ರಿಪೇರಿಯವರನ್ನೂ ಸಾಮಾನನ್ನೂ ಮೇಲೆ ಒಯ್ಯುವುದು ನನ್ನ ಕೆಲಸ. ದಾರಿಯೆಲ್ಲ ಕಲ್ಲು, ಕೊರಕಲು. ಬೇರೆ ಗಾಡಿಗಳು ಅರ್ಧಕ್ಕೇ ಕೈಮುಗಿದು ತಿರುಗುತ್ತವೆ. ಸವಡಿಯ ಗವಿಸಿದ್ದಪ್ಪನ ಗಾಡಿ ನಾಲ್ಕೂ ಗಾಲಿಯಿಂದ ಎಳೆದು ಹತ್ತುತ್ತದೆ ಅನ್ನುವುದು ರೋಣದಿಂದ ನರಗುಂದದ ತನಕ ಗಾಡಿ ಹೊಡೆಯುವವರಿಗೆಲ್ಲ ಗೊತ್ತು. ನನಗೆ ಸೊಕ್ಕಿತ್ತು, ಇಲ್ಲ ಅನ್ನುವುದಿಲ್ಲ. ಆ ಗಾಡಿಯ ಮೇಲೆ ಕೂತಾಗ ಊರಿನವರ ತಲೆಗಳು ನನ್ನ ಮೊಣಕಾಲಿಗೆ ಬರುತ್ತಿದ್ದವು, ಅದು ನನಗೆ ಸೇರುತ್ತಿತ್ತು.

"ಯಾರ ಸಲವಾಗಿ ಇಳಸಾಕತ್ತಿ?" ರಮಜಾನಸಾಬ ಕೇಳಿದರು.

"ಮನ್ಯಾಕಿ ಸಲವಾಗಿ."

 ರಮಜಾನಸಾಬ ಜಾಕು ತರಲು ಒಳಗೆ ಹೋದರು.

ನನ್ನ ಹೆಂಡತಿ ನೀಲವ್ವನ ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಗಡ್ಡೆ. ಈ ಮಾತನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ತಿಂಗಳು ಬೇಕಾಯಿತು, ಅವಳು ಮೊದಲ ದಿನವೇ ಹೇಳಿದಳು. ಹುಬ್ಬಳ್ಳಿಯ ದವಾಖಾನೆಯವರು ಹದಿನೈದು ಸಲ ಕರೆಂಟು ಕೊಡಬೇಕು ಅಂದರು. ಯಂತ್ರದ ಕೆಳಗೆ ಮಲಗಿಸಿ ಗಡ್ಡೆಗೆ ಕಿರಣ ಬಿಡುವುದಕ್ಕೆ ನಮ್ಮ ಜನ ಕರೆಂಟು ಅನ್ನುತ್ತಾರೆ. ಹದಿನೈದೂ ಮುಗಿದರೆ ನೋವು ಇಳಿಯುತ್ತದೆ, ತನ್ನ ಕಾಲ ಮೇಲೆ ತಾನು ಓಡಾಡಿಕೊಂಡು ಕೆಲವು ವರ್ಷ ಇದ್ದಾಳು ಎಂದು ಡಾಕ್ಟರು ಹೇಳಿದರು. ನಡುವೆ ಬಿಟ್ಟರೆ ಮೊದಲು ಕಾಲು ಹೋಗುತ್ತವೆ ಎಂದೂ ಹೇಳಿದರು. ಆಮೇಲೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ಸಲ ಹೋಗಿ ಬಂದೆವು. ಕಾರಿನಲ್ಲಿ ಸೊಂಟ ಮಡಚಿ ಕೂರುವುದು ಅವಳಿಂದ ಆಗುವುದಿಲ್ಲ. ಹುಬ್ಬಳ್ಳಿಯಲ್ಲೇ ರೂಮು ಹಿಡಿಯೋಣ ಅಂದರೆ, ಪರ ಊರಲ್ಲಿ ನರಳುವುದಕ್ಕಿಂತ ನನ್ನ ಪಡಸಾಲೆಯಲ್ಲಿ ನರಳುತ್ತೇನೆ ಅಂದಳು. ಹಾಗಾಗಿ ಪಿಕಪ್ಪಿನ ಹಿಂದೆ ಎರಡು ಗಾದಿ ಹಾಸಿದೆ. ಅದರ ಹಲಗೆ ನನ್ನ ಸೊಂಟಕ್ಕಿಂತ ಮೇಲಿತ್ತು. ನಾನೂ ಪಕ್ಕದ ಮನೆಯ ಮೈಲಾರಿಯೂ ಕೌದಿಯ ನಾಲ್ಕು ಮೂಲೆ ಹಿಡಿದು, ಜೋಳದ ಚೀಲ ಎತ್ತಿದ ಹಾಗೆ ಅವಳನ್ನು ಎತ್ತಿ ಮೇಲೆ ಹಾಕಬೇಕಿತ್ತು.

ನರಗುಂದದ ಮೇಲೆ ಹೋಗುವ ದಾರಿ ಎರೆಮಣ್ಣಿನದು. ಮಳೆಗೆ ಉಬ್ಬಿ, ಬಿಸಿಲಿಗೆ ಕುಸಿದು, ಡಾಂಬರು ಅಲೆಅಲೆಯಾಗಿದೆ. ಎರಡು ಟನ್ನು ಹೇರಲು ಬಡಿದ ಕಮಾನಿನ ಮೇಲೆ ಒಬ್ಬ ಬಡಕಲು ಹೆಂಗಸು. ಗಾಡಿ ಒಂದೊಂದು ಅಲೆಗೂ ಜಿಗಿಯುತ್ತಿತ್ತು, ಒಂದೊಂದು ಜಿಗಿತಕ್ಕೂ ಅವಳು ಕೂಗುತ್ತಿದ್ದಳು. ಮೊದಲ ದಿನ ದೇವರ ಹೆಸರು ಹಿಡಿದು ಕೂಗಿದಳು. ಎರಡನೆಯ ದಿನ ದೇವರೂ ಇರಲಿಲ್ಲ, ಬರೀ ಕೂಗು. ನಾನು ಇಪ್ಪತ್ತರ ವೇಗದಲ್ಲಿ ಹೊಡೆದೆ, ಹತ್ತರಲ್ಲಿ ಹೊಡೆದೆ. ಹಿಂದಿನಿಂದ ಹಾರ್ನು ಹಾಕಿದವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈದೆ. ಬೈದರೆ ದಾರಿ ಸಪಾಟಾಗುತ್ತದೆಯೇ? ಮನೆಗೆ ಬಂದು ಇಳಿಸಿದ ಮೇಲೆ ಅವಳು ಹೇಳಿದಳು.

"ಗಡ್ಡಿ ಕೊಲ್ಲೂದು ನಾಳೆ ಆಗ್ಲಿ. ಈ ನಿಮ್ಮ ಗಾಡಿ ಇವತ್ತ ಕೊಲ್ತೈತಿ. ನಾ ಇನ್ನ ಬರಂಗಿಲ್ರಿ."

ನಾನು ದವಾಖಾನೆಯವರ ಕಾಲು ಹಿಡಿದು ನಾಲ್ಕು ದಿನದ ಬಿಡುವು ಕೇಳಿಕೊಂಡೆ. ಅವಳಿಗೆ ಏನೂ ಹೇಳದೆ ಗಾಡಿ ತೆಗೆದುಕೊಂಡು ಗಜೇಂದ್ರಗಡಕ್ಕೆ ಬಂದೆ. ಹೇಳಿದ್ದರೆ ಬೇಡ ಅನ್ನುತ್ತಿದ್ದಳು, ಗುಡ್ಡದ ಕೆಲಸ ಹೋಗುತ್ತದೆ ಅನ್ನುತ್ತಿದ್ದಳು. ಮಾಡಿ ತೋರಿಸೋಣ ಅಂದುಕೊಂಡೆ. ನನ್ನ ಜನ್ಮದ ಬುದ್ಧಿಯೇ ಅದು, ಮೊದಲು ಮಾಡಿ ಆಮೇಲೆ ಹೇಳುವುದು.

ರಮಜಾನಸಾಬ ಗಾಡಿಯ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದರು. ಅಲ್ಲಿಂದಲೇ ಕೇಳಿದರು.

"ಎಷ್ಟ ಇಳಸ್ಲಿ?"

"ಆರ ಬಟ್ಟ," ಅಂದೆ.

ಆರೇ ಬೆರಳು ಯಾಕೆ? ನಾಲ್ಕು ಅನ್ನಬಹುದಿತ್ತು, ಎಂಟು ಅನ್ನಬಹುದಿತ್ತು. ಆದರೆ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆ ಅಂದಷ್ಟು ಸಲೀಸಾಗಿ ಆ ಮಾತು ಬಂತು. ಅವರೂ ಗೇಣು ಹಾಕಿ ನೋಡಿ, ಆರು ಆಗುತ್ತದೆ, ಅದಕ್ಕಿಂತ ಇಳಿಸಿದರೆ ಗಾಲಿ ತಿಕ್ಕುತ್ತದೆ ಅಂದರು.

ಎರಡು ದಿನದ ಕೆಲಸ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಬೆಂಕಿ ಹಿಡಿದು ಬಿಚ್ಚಿದರು. ಹಿಂದಿನ ಎರಡೂ ಕಮಾನಿನಿಂದ ಎರಡೆರಡು ಪಾಟಾ ತೆಗೆದರು, ಮುಂದಿನವುಗಳಿಂದ ಒಂದೊಂದು. ಉಳಿದವನ್ನು ಕಬ್ಬಿಣದ ದಿಮ್ಮಿಯ ಮೇಲೆ ಮಗುಚಿ ಹಾಕಿ ಬಡಿದು ಬಡಿದು ಬಾಗು ತೆಗೆದರು. ನಾನು ಊಟಕ್ಕೂ ಎದ್ದುಹೋಗದೆ ಅಲ್ಲೇ ಕೂತಿದ್ದೆ. ಎರಡನೆಯ ದಿನ ಮಧ್ಯಾಹ್ನ ಜಾಕು ತೆಗೆದಾಗ ಗಾಡಿ ನಿಟ್ಟುಸಿರು ಬಿಟ್ಟು ಎಮ್ಮೆಯ ಹಾಗೆ ಕೂತಿತು.

"ಇನ್ನ ಗುಡ್ಡ ಮರತಬಿಡು," ರಮಜಾನಸಾಬ ಅಂದರು. "ಎರಿ ಹೊಲದಾಗೂ ಒಯ್ಯಬ್ಯಾಡ, ಹೊಟ್ಟಿ ಹತ್ತಿ ಕುಂಡರತೈತಿ."

"ನನಗ ಗುಡ್ಡ ಬ್ಯಾಡ ಕಾಕಾ."

"ನಿಂದರು. ನಂದೂ ಸೊಂಟ ಹೋಗೇತಿ. ನಾ ಮಲಗಿ ನೋಡ್ತೀನಿ, ನೀ ಹೊಡಿ."

ಎಪ್ಪತ್ತರ ಹತ್ತಿರದ ಆ ಮನುಷ್ಯ ಗಾದಿಯ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕೈಕಟ್ಟಿಕೊಂಡರು. ಇದ್ದದ್ದರಲ್ಲೇ ಕೆಟ್ಟ ದಾರಿ ಹುಡುಕಿ ರೋಣದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಬಂದೆ. ಅವರು ಇಳಿದು ಟೊಪ್ಪಿಗೆ ಸರಿಮಾಡಿಕೊಂಡರು.

"ತೊಟ್ಟಲಾ ಆಗೇತಿ ಮಗನ. ಕರಕೊಂಡ ಹೋಗು, ಆಕಿಗೆ ನಿದ್ದಿ ಬರ್ತೈತಿ."

ಅಲ್ಲಿಂದ ಸವಡಿಯ ತನಕ ನಾನು ಸುಖಿಯಾಗಿದ್ದೆ. ಎಷ್ಟೋ ತಿಂಗಳ ಮೇಲೆ ಅವಳಿಗಾಗಿ ನನ್ನ ಕೈಯಿಂದ ಆಗುವ ಒಂದು ಕೆಲಸ ಸಿಕ್ಕಿತ್ತು, ಅದನ್ನು ಮಾಡಿದ್ದೆ. ಇನ್ನು ಹದಿಮೂರು ಸಲ ತಾನೇ, ಹದಿಮೂರು ಸಲ ಮಲಗಿಸಿಕೊಂಡು ಹೋಗಿ ಬರುತ್ತೇನೆ. ಅವಳು ಎದ್ದು ಓಡಾಡುತ್ತಾಳೆ. ದಾರಿಯುದ್ದಕ್ಕೂ ಇದನ್ನೇ ಜೋರಾಗಿ ಹೇಳಿಕೊಳ್ಳುತ್ತಾ ಬಂದೆ.

ನಮ್ಮ ಓಣಿಗೆ ಹೋಗುವುದು ಹಳೆಯ ಅಗಸಿಯ ಮೂಲಕ. ಕಲ್ಲಿನ ಊರಬಾಗಿಲು, ಮೇಲೆ ಅಡ್ಡ ತೊಲೆಗಲ್ಲು. ಅದರ ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದರು, ಮೈಲಾರಿಯೂ ಇದ್ದ. ಗಾಡಿ ಕಂಡ ಕೂಡಲೇ ಎದ್ದು ನಿಂತ. ಗಾಡಿಯಿಂದ ತೊಲೆಗಲ್ಲಿಗೆ, ತೊಲೆಗಲ್ಲಿನಿಂದ ಗಾಡಿಗೆ ಅವನ ಕಣ್ಣು ಓಡಾಡಿತು. ಮುಖದ ಮೇಲೆ ಸಮಾಧಾನ ಕಂಡಿತು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಗಾಡಿ ದಾಟಿಸಿದೆ.

ಮೈಲಾರಿ ಊರಲ್ಲಿ ವಿಮಾನ ಕಟ್ಟುವವನು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಸುತ್ತ ಬಿದಿರು, ಬಾಳೆಕಂದು, ಹೂವು ಕಟ್ಟಿ, ಬದುಕಿದ್ದವರ ಹಾಗೆ ತಲೆ ಎತ್ತಿಸಿಕೊಂಡು ಒಯ್ಯುತ್ತೇವೆ. ಅದೇ ವಿಮಾನ. ಮಣ್ಣು ಮಾಡುವ ಹೊಲ ದೂರ, ಹೊರುವ ಭುಜಗಳು ಕಡಿಮೆ, ಅದಕ್ಕೆ ಈಗೀಗ ವಿಮಾನವನ್ನು ಗಾಡಿಯ ಮೇಲೆ ಇಡುತ್ತಾರೆ. ಆದರೆ ಅಗಸಿಯಿಂದಲೇ ಹೋಗಬೇಕು. ಹಿತ್ತಲ ದಾರಿಯಲ್ಲಿ ಒಯ್ದರೆ ಮನೆತನಕ್ಕೆ ಮಾತು.

ಎರಡು ವರ್ಷದ ಹಿಂದೆ ನನ್ನ ಅಪ್ಪ ತೀರಿಕೊಂಡಾಗ ಇದೇ ಗಾಡಿಯ ಮೇಲೆ ವಿಮಾನ ಇಟ್ಟೆವು. ಅಗಸಿಯಲ್ಲಿ ತೊಲೆಗಲ್ಲಿಗೆ ತಾಗಿ ನಿಂತಿತು. ಮೇಲಿನ ಬಿದಿರು ಕಿತ್ತರೂ ಆಗಲಿಲ್ಲ. ಕೊನೆಗೆ ನಾಲ್ಕು ಜನ ಹತ್ತಿ ಅಪ್ಪನ ಹೆಗಲು ಹಿಡಿದು ಬಗ್ಗಿಸಿದರು. ಜೀವಮಾನವಿಡೀ ಯಾರ ಮುಂದೆಯೂ ಬಗ್ಗದ ತಲೆ ಎದೆಗೆ ಬಿತ್ತು. ಹಾಡಿಕೊಂಡು ಅಳುತ್ತಿದ್ದ ಹೆಂಗಸರು ಸುಮ್ಮನಾದರು. ಗವಿಸಿದ್ದಪ್ಪನ ಗಾಡಿಯ ಸೊಕ್ಕಿಗೆ ಅಪ್ಪ ತಲೆ ಬಗ್ಗಿಸಬೇಕಾಯಿತು ಎಂದು ಊರು ಆಡಿಕೊಂಡಿತು. ಎಷ್ಟು ಕಡಿಮೆ ಬಿತ್ತು ಎಂದು ಯಾರೋ ಕೇಳಿದ್ದಕ್ಕೆ ಮೈಲಾರಿ ಎರಡೂ ಕೈ ಎತ್ತಿ ಆರು ಬೆರಳು ತೋರಿಸಿದ್ದ. ಆ ಲೆಕ್ಕ ಊರ ಮಕ್ಕಳಿಗೂ ಬಾಯಿಪಾಠ.

ನಾನು ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಒಳಗೆ ಓಡಿದೆ.

"ನೀಲಾ, ಏಳು, ಬಾಗಲದ ತನಾ ಬಾ. ಏನ್ ತಂದೀನಿ ನೋಡು."

ಅವಳು ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಬಾಗಿಲ ಹಿಂದಿನಿಂದ ಇಣುಕಿ ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಕಂಡೆ, ಆಣೆ ಮಾಡಿ ಹೇಳುತ್ತೇನೆ. ನನಗಾಗಿ ಮಾಡಿಸಿದಿರಾ ಎಂಬಂತೆ ನನ್ನ ಕಡೆ ತಿರುಗಿದಳು. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಮೈಲಾರಿಯ ದನಿ ಕೇಳಿತು. ಅವನು ಕೈಯಲ್ಲೊಂದು ಹಗ್ಗ ಹಿಡಿದು ಬಂದವನು, ನೆಲದಿಂದ ಹಲಗೆಗೆ ಅಳೆದು ಗಂಟು ಹಾಕುತ್ತಿದ್ದ. ಬಾಗಿಲ ಹಿಂದೆ ಅವಳಿದ್ದದ್ದು ಅವನಿಗೆ ಕಾಣಲಿಲ್ಲ.

"ಶಾಣ್ಯಾ ಆದಿ ನೋಡು ಗವಿಸಿದ್ದ! ಸರಿಯಾಗಿ ಆರ ಬಟ್ಟ ಇಳಿಸೀದಿ. ಮೊದಲ ಯವಸ್ಥಾ ಇದ್ರ ಚಲೋ. ಅಪ್ಪಗ ಆದಂಗ ನೀಲವ್ವಗ ಆಗಗೊಡೂದಿಲ್ಲ, ನಾ ಅದೀನಿ. ತಲಿ ಎತ್ತಿಕೊಂಡ ಹೋಗ್ತಾಳ."

ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ಆದರೆ ಮೈಲಾರಿ ಕೆಟ್ಟವನಲ್ಲ. ಅವಳನ್ನು ಕೌದಿಯಲ್ಲಿ ಎತ್ತುವಾಗ ನನಗಿಂತ ಮೊದಲು ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ಹೊರಗೆ ಜಿಗಿದು ಹಗ್ಗ ಕಿತ್ತುಕೊಂಡು ಎಸೆದೆ, ಅವನ ಎದೆಗೆ ಕೈಹಾಕಿ ತಳ್ಳಿದೆ. ಆಗ ಅವನಿಗೆ ಬಾಗಿಲ ಹಿಂದಿನ ಸೀರೆಯ ಸೆರಗು ಕಂಡಿತು. ನಾಲಿಗೆ ಕಚ್ಚಿಕೊಂಡ. ಹಗ್ಗ ಎತ್ತಿಕೊಳ್ಳದೆ ಹೋದ.

ನೀಲವ್ವ ಅಲ್ಲೇ ಹೊಸ್ತಿಲ ಒಳಗೆ ಗೋಡೆಗೆ ಒರಗಿ ನಿಂತಿದ್ದಳು.

"ಆಂವಗ ಬುದ್ಧಿ ಇಲ್ಲ," ಅಂದೆ. "ನೀ ಹತ್ತಿ ಇಳಿಯಾಕ ಆಗ್ಲಂತ ಮಾಡ್ಸೀನಿ. ಗಾಡಿ ಕುಣೀಬಾರ್ದಂತ ಮಾಡ್ಸೀನಿ. ನಿನ್ನಾಣಿ."

"ಹೌದೇನ್ರಿ. ಎಷ್ಟ ಇಳಸಂತ ಹೇಳಿದ್ರಿ ಅವ್ರಿಗೆ?"

"ಆರ ಬಟ್ಟ."

"ನನ್ನ ಕಾಲು ಎಷ್ಟ ಮ್ಯಾಲೆತ್ತಾಕ ಬರ್ತೈತಂತ ಅಳತಿ ತಗೊಂಡಿದ್ರೇನು?"

ಇಲ್ಲ. ತೆಗೆದುಕೊಂಡಿರಲಿಲ್ಲ. ಅವಳ ಕಾಲು ಎಷ್ಟು ಏಳುತ್ತದೆ, ಮೆಟ್ಟಿಲು ಎಷ್ಟಿರಬೇಕು, ಒಂದನ್ನೂ ಅವಳನ್ನು ಕೇಳಿರಲಿಲ್ಲ. ಹಾಗಾದರೆ ಆ ಆರು ಎಲ್ಲಿಂದ ಬಂತು? ಮೈಲಾರಿಗೆ ಬೈಯುವ ಮೊದಲು ನಾನು ಇದನ್ನು ಯೋಚಿಸಬೇಕಿತ್ತು. ಗಾಡಿ ಇಳಿಸಲು ಹೊರಟಾಗ ನನ್ನ ಮನಸ್ಸಿನಲ್ಲಿ ಅವಳ ನೋವೇ ಇತ್ತು, ಅದು ಸುಳ್ಳಲ್ಲ. ಆದರೆ ಎಷ್ಟು ಅನ್ನುವ ಮಾತು ಬಂದಾಗ ಒಳಗೆ ಕೂತಿದ್ದ ಇನ್ನೊಬ್ಬ ಯಾರೋ ಉತ್ತರ ಕೊಟ್ಟಿದ್ದ. ಆ ನಾಯಿಗೆ ಅಗಸಿಯ ಲೆಕ್ಕ ಗೊತ್ತಿತ್ತು. ಅವನೂ ನಾನೇ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಅವಳು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ಓಣ್ಯಾಗಿನವ್ರು ರೊಟ್ಟಿ ತಂದು ಮುಚ್ಚಿಟ್ಟಾರ, ಉಣ್ರಿ," ಎಂದು ಹೇಳಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಮೂರನೆಯ ಕರೆಂಟಿನ ದಿನ. ಹನ್ನೊಂದಕ್ಕೆ ಹುಬ್ಬಳ್ಳಿಯಲ್ಲಿರಬೇಕು. ನಾನು ಕರೆಯುವ ಧೈರ್ಯವಿಲ್ಲದೆ ಅಂಗಳದಲ್ಲಿ ಸುಮ್ಮನೆ ಗಾಡಿಯ ಗಾಜು ಒರೆಸುತ್ತಿದ್ದೆ. ಏಳು ಗಂಟೆಗೆ ಅವಳು ಮಿಂದು, ತಲೆ ಬಾಚಿ, ಟ್ರಂಕಿನಲ್ಲಿದ್ದ ಇಳಕಲ್ಲ ಸೀರೆ ಉಟ್ಟು ಬಾಗಿಲಿಗೆ ಬಂದಳು.

"ನಡೀರಿ, ಹೋಗೂಣು."

 ಒಂದು ಮಣೆ, ಅದರ ಹಿಂದೆ ಒಂದು ಸ್ಟೂಲು ತಂದು ಮೆಟ್ಟಿಲಿನ ಹಾಗೆ ಇಟ್ಟೆ. ನನ್ನ ಹೆಗಲು ಹಿಡಿದು, ಮಣೆಯ ಮೇಲೆ, ಸ್ಟೂಲಿನ ಮೇಲೆ, ಹಲಗೆಯ ಮೇಲೆ ಒಂದೊಂದೇ ಕಾಲು ಇಟ್ಟು, ತಾನೇ ಹತ್ತಿದಳು. ಯಾರೂ ಎತ್ತಲಿಲ್ಲ, ಅವಳು ಕೂಗಲಿಲ್ಲ. ನಾನು ಮಗುವಿನ ಹಾಗೆ ಅತ್ತುಬಿಟ್ಟೆ. ಮಲಗು ಅಂದರೆ ಮಲಗಲಿಲ್ಲ. ಗಾದಿಯ ನಡುವೆ ಚಕ್ಕಳಮಕ್ಕಳ ಹಾಕಿ, ಬೆನ್ನನ್ನು ಕ್ಯಾಬಿನ್ನಿಗೆ ಒರಗಿಸಿ ಕೂತಳು. ನೋವಾದರೆ ಮಲಗುತ್ತಾಳೆ ಅಂದುಕೊಂಡು ಹೊರಟೆ. ಓಣಿಯ ತಗ್ಗುಗಳಲ್ಲಿ ಗಾಡಿ ತೂಗಿತೇ ಹೊರತು ಜಿಗಿಯಲಿಲ್ಲ. ಹಿಂದಿನಿಂದ ಒಂದು ಸದ್ದೂ ಬರಲಿಲ್ಲ. ಹುಬ್ಬಳ್ಳಿಯ ತನಕ ಹೀಗೇ ಹೋದೇವು ಎಂದು ನನಗೆ ಧೈರ್ಯ ಬಂತು.

ಅಗಸಿಯ ಕೆಳಗೆ ಬಂದಾಗ ಅವಳು ಕ್ಯಾಬಿನ್ನಿನ ಗಾಜಿನ ಮೇಲೆ ಕೈ ಬಡಿದಳು. ನಾನು ನಿಲ್ಲಿಸಿ ಇಳಿದೆ. ಅವಳು ಅಂಗೈಗಳನ್ನು ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ತಲೆ ಎತ್ತಿ ತೊಲೆಗಲ್ಲನ್ನು ನೋಡುತ್ತಿದ್ದಳು. ಮೈಲಾರಿ ಕೂರಿಸುವುದೂ ಹಾಗೆಯೇ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು, ಒಬ್ಬ ತಲೆಯ ರುಮಾಲು ತೆಗೆದ. ಯಾಕೆ ತೆಗೆದನೋ ಅವನಿಗೂ ಗೊತ್ತಿರಲಿಕ್ಕಿಲ್ಲ.

"ಹೋಗ್ತೈತಿ," ಅಂದಳು. "ಬಗ್ಗಸೂ ಕೆಲಸ ಇಲ್ಲ."

"ನೀಲಾ, ಕೈ ಮುಗೀತೀನಿ. ಇನ್ನ ಹದಿಮೂರ ಸಲ ಐತಿ. ಈಗ ನೋಯೂದಿಲ್ಲ, ನೀನ ನೋಡಿದಿ. ಹೋಗೂಣು ನಡಿ."

"ಹೋಗೂಣು. ಒಂದ ಮಾತ ಹೇಳ್ರಿ. ನಾ ಉಳೀತೀನಂತ ನಿಮಗ ಯಾವಾಗರೆ ಒಂದ ದಿನ ಅನ್ನಿಸಿತ್ತೇನ್ರಿ? ಖರೇ ಹೇಳ್ರಿ, ನಾ ಬರ್ತೀನಿ."

ಹೌದು ಅಂದರೆ ಮುಗಿಯುತ್ತಿತ್ತು. ಒಂದೇ ಮಾತು. ನಿನ್ನೆ ದಾರಿಯಲ್ಲಿ ಗಾಡಿ ಹೊಡೆಯುತ್ತಾ ಜೋರಾಗಿ ಹೇಳಿಕೊಂಡದ್ದನ್ನೇ ಇವತ್ತೂ ಹೇಳಬಹುದಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳಿಗೆ ನಾನು ಹೇಳಿದ ಸುಳ್ಳುಗಳೇನು ಕಡಿಮೆಯೇ? ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅವಳು ಸಾಕಷ್ಟು ಹೊತ್ತು ಕಾದಳು. 

ಆಮೇಲೆ ಹಲಗೆಯ ಅಂಚಿಗೆ ಸರಿದು, ಕಾಲು ಕೆಳಗೆ ಬಿಟ್ಟು, ನಾನು ಕೈ ಕೊಡುವ ಮೊದಲೇ ಇಳಿದಳು. ಒಂದು ಗಳಿಗೆ ಗಾಡಿ ಹಿಡಿದು ನಿಂತು ಉಸಿರು ತೆಗೆದುಕೊಂಡಳು.

"ಗಾಡಿ ಚಲೋ ಆಗೇತ್ರಿ," ಅಂದಳು. "ಎಲ್ಲೂ ನೋಯ್ಲಿಲ್ಲ."

ಸೆರಗು ಹೊದ್ದು ಮನೆಯ ಕಡೆ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ, ಗೋಡೆ ಹಿಡಿಯುತ್ತಾ, ತನ್ನ ಕಾಲ ಮೇಲೆ ತಾನೇ. ಹಿಂದಿನಿಂದ ಓಡಿಹೋಗಿ ಹಿಡಿಯಬೇಕಿತ್ತು, ಎತ್ತಿಕೊಂಡು ಬಂದು ಹಾಕಬೇಕಿತ್ತು. ಏನು ಹೇಳಿ ಹಿಡಿಯಲಿ? ನಾನು ಕ್ಯಾಬಿನ್ನು ಹತ್ತಿ ಸ್ಟೇರಿಂಗು ಹಿಡಿದು ಕೂತೆ. ಎಷ್ಟು ಹೊತ್ತು ಕೂತೆನೋ, ಬಿಸಿಲು ಕಟ್ಟೆಯಿಂದ ಇಳಿದು ಗಾಡಿಯ ಮುಂದಿನ ಗಾಜಿಗೆ ಬಂದಿತ್ತು. ಹನ್ನೊಂದೂಕಾಲಿಗೆ ಫೋನು ಬಂತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹೆಸರು ಕೂಗುವ ಹುಡುಗಿ.

"ನೀಲವ್ವಾರ ಕಡೇವ್ರೇನ್ರಿ? ಯಾಕ್ರಿ ಇನ್ನೂ ಬಂದಿಲ್ಲ? ಮಷೀನ್ ಖಾಲಿ ಇಟ್ಕೊಂಡ ಕುಂತೇವ್ರಿ."

"ಗಾಡಿ ಕೆಟ್ಟೈತ್ರಿ ಬಾಯಾರ," ಅಂದೆ.

"ನಾಳೆರೆ ಬರ್ತೀರೇನ್ರಿ?"

"ನಾಳೇನೂ ಆಗೂದಿಲ್ರಿ," ಅಂದೆ. "ಭಾಳ ಕೆಟ್ಟೈತ್ರಿ."